ಲೆಕ್ಕ ಕೇಳಿದ ಕೆಂಟಕಿ: ಕೋಚ್ ಕ್ಯಾಲಿಪಾರಿ ಪ್ರಕರಣ

ಕೈಗೆ ಬಾಲ್ ಸಿಕ್ಕರೆ ಜ್ಯಾಕ್ ಗೋಲ್ಕಿ ಏನು ಮಾಡುತ್ತಾನೆ ಅನ್ನುವುದು ಗುಟ್ಟೇನೂ ಆಗಿರಲಿಲ್ಲ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ 2023-24ರ ಸೀಸನ್ನಿನಲ್ಲಿ, ರಾಷ್ಟ್ರೀಯ ಟೂರ್ನಿಗೆ ಬರುವ ಹೊತ್ತಿಗೆ, ಅವನು ಮುನ್ನೂರಕ್ಕೂ ಹೆಚ್ಚು ಶಾಟ್ ಹೊಡೆದಿದ್ದ. ಅದರಲ್ಲಿ ಎರಡು ಪಾಯಿಂಟಿನ ಶಾಟ್ ಬರೀ 8. ಉಳಿದದ್ದೆಲ್ಲ ಮೂರು ಪಾಯಿಂಟ್ ಗೆರೆಯ ಆಚೆಯಿಂದ. ಅಂದರೆ ಅವನನ್ನು ತಡೆಯುವವನು ಒಂದೇ ಒಂದು ಕೆಲಸ ಮಾಡಬೇಕಿತ್ತು: ಗೆರೆಯ ಹತ್ತಿರ ಅವನನ್ನು ಒಂಟಿಯಾಗಿ ಬಿಡಬಾರದು.

2024ರ ಮಾರ್ಚ್ 21ರ ರಾತ್ರಿ ಪಿಟ್ಸ್‌ಬರ್ಗ್‌ನಲ್ಲಿ ಕೆಂಟಕಿ ತಂಡಕ್ಕೆ ಇದಾಗಲಿಲ್ಲ. ಗೋಲ್ಕಿ ಮೊದಲರ್ಧದಲ್ಲೇ ಮೂರು ಪಾಯಿಂಟಿನ ಶಾಟ್ 7 ಹಾಕಿದ. ಪಂದ್ಯ ಮುಗಿಯುವಾಗ ಅದು 10 ಆಗಿತ್ತು, ಅವನ ಒಟ್ಟು ಪಾಯಿಂಟ್ 32. ಅವನ ಓಕ್‌ಲ್ಯಾಂಡ್ ಯೂನಿವರ್ಸಿಟಿ 80–76ರಿಂದ ಗೆದ್ದಿತು. ಹೆಸರು ಕೇಳಿ ಕ್ಯಾಲಿಫೋರ್ನಿಯಾ ಅಂದುಕೊಳ್ಳಬೇಡಿ, ಇದು ಮಿಶಿಗನ್ ರಾಜ್ಯದ ಸಣ್ಣ ತಂಡ. ಟೂರ್ನಿಯ ಪಟ್ಟಿಯಲ್ಲಿ ಅವರ ಶ್ರೇಯಾಂಕ 14, ಕೆಂಟಕಿಯದು 3.

ಸೋಲು ಯಾರಿಗೂ ಬರುತ್ತದೆ. ಈ ಟೂರ್ನಿಯಲ್ಲಿ ಒಂದು ಪಂದ್ಯ ಸೋತರೆ ಮನೆಗೆ ಹೋಗಬೇಕು, ಆದ್ದರಿಂದ ಸಣ್ಣ ತಂಡ ದೊಡ್ಡ ತಂಡವನ್ನು ಕೆಡವುವುದು ಪ್ರತಿ ವರ್ಷ ನಡೆಯುತ್ತದೆ. ಅದೇ ಈ ಟೂರ್ನಿಯ ಸೊಗಸು. ಆದರೆ ಆ ರಾತ್ರಿಯ ನಂತರ ಕೆಂಟಕಿಯಲ್ಲಿ ಎದ್ದ ಸಿಟ್ಟು ಒಂದು ಪಂದ್ಯದ್ದಲ್ಲ. ನಾಲ್ಕು ವರ್ಷ ಒಳಗೇ ಕುದಿಯುತ್ತಿದ್ದದ್ದು ಆವತ್ತು ಉಕ್ಕಿತು. ಮೂರು ವಾರದೊಳಗೆ ಕೋಚ್ ಜಾನ್ ಕ್ಯಾಲಿಪಾರಿ ಕೆಂಟಕಿಯಲ್ಲಿರಲಿಲ್ಲ. ಅವರನ್ನು ಯಾರೂ ತೆಗೆದುಹಾಕಲಿಲ್ಲ, ಅವರೇ ಹೋದರು. ಈ ಪ್ರಕರಣವನ್ನು ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಲೆಕ್ಕ ಕೇಳುವ ಹಕ್ಕು ಅಭಿಮಾನಿಗಳಿಗೆ ಇತ್ತು. ಲೆಕ್ಕ ಕೊಡಲೇಬೇಕಾದ ಒತ್ತಡ ಮಾತ್ರ ಯಾರ ಮೇಲೂ ಇರಲಿಲ್ಲ.

ಇದು ಅರ್ಥವಾಗಬೇಕಾದರೆ ಮೊದಲು ಆ ರಾಜ್ಯ ಅರ್ಥವಾಗಬೇಕು.

ಕೆಂಟಕಿಯಲ್ಲಿ ಎನ್‌ಬಿಎ, ಅಂದರೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ, ತಂಡವಿಲ್ಲ. ಲೆಕ್ಸಿಂಗ್ಟನ್ ಊರಿನ ಯೂನಿವರ್ಸಿಟಿ ಆಫ್ ಕೆಂಟಕಿಯ ತಂಡವೇ ರಾಜ್ಯದ ಬಹುಪಾಲು ಜನಕ್ಕೆ ಮನೆಯ ತಂಡ. ಆ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು 8 ಸಲ ಗೆದ್ದಿದೆ. ಮೊದಲನೆಯದು 1948ರಲ್ಲಿ, ಕೊನೆಯದು 2012ರಲ್ಲಿ. 1976ರಲ್ಲಿ ತೆರೆದ ರಪ್ ಅರೇನಾದಲ್ಲಿ ಪಂದ್ಯವಿದ್ದರೆ ಕಾಲೇಜಿನ ಹುಡುಗರಷ್ಟೇ ಅಲ್ಲ, ಪೂರ್ವದ ಬೆಟ್ಟಗಳ ಕಲ್ಲಿದ್ದಲು ಗಣಿ ಊರುಗಳಿಂದಲೂ ಜನ ಗಂಟೆಗಟ್ಟಲೆ ಗಾಡಿ ಓಡಿಸಿಕೊಂಡು ಬರುತ್ತಾರೆ. ಒಳ್ಳೆ ಜಾಗದ ಸೀಸನ್ ಟಿಕೆಟ್ ಬೇಕೆಂದರೆ ಟಿಕೆಟ್ ದುಡ್ಡಿನ ಮೇಲೆ ಯೂನಿವರ್ಸಿಟಿಗೆ ದೇಣಿಗೆಯನ್ನೂ ಕೊಡಬೇಕು. ಜನ ಕೊಡುತ್ತಾರೆ.

2022ರ ಅಕ್ಟೋಬರಿನಲ್ಲಿ ತಂಡ ಪೈಕ್‌ವಿಲ್ ಅನ್ನುವ ಗಣಿ ಸೀಮೆಯ ಊರಿನಲ್ಲಿ ಪ್ರದರ್ಶನ ಪಂದ್ಯ ಆಡಿತು. ಆ ಭಾಗದಲ್ಲಿ ಬೇಸಿಗೆಯಲ್ಲಿ ಭಾರಿ ಪ್ರವಾಹ ಬಂದಿತ್ತು, ಅದರ ಸಂತ್ರಸ್ತರಿಗೆ ಹಣ ಕೂಡಿಸುವುದು ಉದ್ದೇಶ. ಅಲ್ಲಿ ತೆಗೆದ ಒಂದು ಫೋಟೋ ಅಮೆರಿಕವೆಲ್ಲ ಸುತ್ತಿತು. ಒಬ್ಬ ಗಣಿ ಕಾರ್ಮಿಕ ಪಾಳಿ ಮುಗಿಸಿ, ಮನೆಗೂ ಹೋಗದೆ, ಮೈಮುಖವೆಲ್ಲ ಮಸಿ ಇರುವಾಗಲೇ ಪುಟ್ಟ ಮಗನ ಪಕ್ಕ ಬಂದು ಕೂತಿದ್ದ. ಮಗನ ಮೊದಲ ಪಂದ್ಯ ತಪ್ಪಬಾರದು ಅಂತ. ಆ ಫೋಟೋವನ್ನು ಜನರ ಮುಂದಿಟ್ಟವರು, ಆ ಸಂಸಾರವನ್ನು ರಪ್ ಅರೇನಾಗೆ ಕರೆದವರು ಕ್ಯಾಲಿಪಾರಿಯೇ. ಅವರಿಗೆ ತಮ್ಮ ಜನ ಯಾರು ಅನ್ನುವುದು ಗೊತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಹೈಟಿ ಭೂಕಂಪಕ್ಕೆ, 2021ರ ಸುಂಟರಗಾಳಿಗೆ, ಈ ಪ್ರವಾಹಕ್ಕೆ, ಪ್ರತಿ ಸಲ ಮುಂದೆ ನಿಂತು ಹಣ ಕೂಡಿಸಿಕೊಟ್ಟ ಮನುಷ್ಯ ಅವರು. ಇದನ್ನು ಬಿಟ್ಟು ಅವರ ಕಥೆ ಹೇಳಿದರೆ ಅದು ಅನ್ಯಾಯ.

ಆಟದಲ್ಲೂ ಅವರ ಮೊದಲ ಆರು ವರ್ಷ ಬಂಗಾರದಂಥವು. 2009ರಲ್ಲಿ ಮೆಂಫಿಸ್‌ನಿಂದ ಬಂದರು. 2011, 2012, 2014, 2015ರಲ್ಲಿ ತಂಡ ಕೊನೆಯ ನಾಲ್ಕಕ್ಕೆ ತಲುಪಿತು. 2012ರಲ್ಲಿ ಆಂಥನಿ ಡೇವಿಸ್ ಇದ್ದ ತಂಡ ಪ್ರಶಸ್ತಿ ಗೆದ್ದಿತು. 2015ರ ತಂಡ ಸತತ 38 ಪಂದ್ಯ ಗೆದ್ದು, ಕೊನೆಯ ನಾಲ್ಕರಲ್ಲಿ ವಿಸ್ಕಾನ್ಸಿನ್ ಎದುರು ಮೊದಲ ಬಾರಿ ಸೋತಿತು. ಅವರ ದಾರಿ ಸರಳ. ದೇಶದ ಅತಿ ಪ್ರತಿಭಾವಂತ ಹುಡುಗರನ್ನು ಹೈಸ್ಕೂಲಿನಿಂದ ಕರೆತರುವುದು, ಒಂದು ವರ್ಷ ಆಡಿಸುವುದು, ಎನ್‌ಬಿಎಗೆ ಕಳಿಸುವುದು, ಮರುವರ್ಷ ಹೊಸಬರನ್ನು ತರುವುದು. ಜಾನ್ ವಾಲ್, ಡಿಮಾರ್ಕಸ್ ಕಸಿನ್ಸ್, ಕಾರ್ಲ್-ಆಂಥನಿ ಟೌನ್ಸ್ ಎಲ್ಲ ಹೀಗೆ ಬಂದು ಹೋದವರು.

ಆಮೇಲೆ ಇಳಿಜಾರು ಶುರುವಾಯಿತು. 2017 ಮತ್ತು 2019ರಲ್ಲಿ ತಂಡ ಕೊನೆಯ ಎಂಟರಲ್ಲಿ ಸೋತಿತು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. 2020ರ ಟೂರ್ನಿ ಕೋವಿಡ್‌ನಿಂದ ರದ್ದಾಯಿತು. 2020-21ರಲ್ಲಿ ತಂಡ 9 ಗೆದ್ದು 16 ಸೋತಿತು. ಸುಮಾರು ತೊಂಬತ್ತು ವರ್ಷದಲ್ಲಿ ಕೆಂಟಕಿ ಕಂಡ ಅತಿ ಕೆಟ್ಟ ಸೀಸನ್ ಅದು. ಅದನ್ನೂ ಬಹಳ ಜನ ಕೋವಿಡ್ ಲೆಕ್ಕಕ್ಕೆ ಬರೆದು ಸುಮ್ಮನಾದರು.

2022ರ ಮಾರ್ಚ್‌ನಲ್ಲಿ ನಡೆದದ್ದನ್ನು ಮಾತ್ರ ಯಾವ ಲೆಕ್ಕಕ್ಕೂ ಬರೆಯಲು ಆಗಲಿಲ್ಲ. 2ನೇ ಶ್ರೇಯಾಂಕದ ಕೆಂಟಕಿಯನ್ನು 15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ಓವರ್‌ಟೈಮಿನಲ್ಲಿ 85–79ರಿಂದ ಹೊಡೆದುಹಾಕಿತು. ನ್ಯೂಜೆರ್ಸಿಯ ಜರ್ಸಿ ಸಿಟಿಯ ಪುಟ್ಟ ಕಾಲೇಜು ಅದು. ಅಂದು ಕೆಂಟಕಿಯ ಆಸ್ಕರ್ ಶೀಬ್ವೇ 30 ಪಾಯಿಂಟ್ ಗಳಿಸಿ, 16 ರಿಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡು) ಹಿಡಿದಿದ್ದ. ಆ ವರ್ಷ ದೇಶದ ಅತ್ಯುತ್ತಮ ಆಟಗಾರ ಅವನೇ. ಇಷ್ಟಿದ್ದೂ ಸೋತರು.

ಈ ಪಂದ್ಯವನ್ನು ಮುಂದಿನ ವಾದಕ್ಕಾಗಿ ನೆನಪಿಡಬೇಕು. 2022ರ ಈ ತಂಡ ಎಳೆಯರ ತಂಡವಾಗಿರಲಿಲ್ಲ. ಶೀಬ್ವೇ ಬೇರೆ ಯೂನಿವರ್ಸಿಟಿಯಲ್ಲಿ ಆಡಿ ಬಂದಿದ್ದವನು. ಕೆಲನ್ ಗ್ರೇಡಿಗೆ ಅದು ಕಾಲೇಜು ಆಟದ ಐದನೇ ವರ್ಷ. ಅನುಭವ ಇದ್ದೂ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು.

2023ರಲ್ಲಿ ಒಂದು ಪಂದ್ಯ ಗೆದ್ದು, ಎರಡನೆಯದರಲ್ಲಿ ಕೆನ್ಸಾಸ್ ಸ್ಟೇಟ್‌ಗೆ ಸೋತರು. 2023-24ಕ್ಕೆ ಕ್ಯಾಲಿಪಾರಿ ಮತ್ತೆ ಹಳೆಯ ದಾರಿ ಹಿಡಿದರು. ರೀಡ್ ಶೆಪರ್ಡ್, ರಾಬ್ ಡಿಲಿಂಗಮ್, ಡಿ.ಜೆ. ವ್ಯಾಗ್ನರ್, ಜಸ್ಟಿನ್ ಎಡ್ವರ್ಡ್ಸ್. ದೇಶದ ಅತ್ಯುತ್ತಮ ಹೊಸಬರ ಗುಂಪು. ಶೆಪರ್ಡ್ ಅಂತೂ ಆ ರಾಜ್ಯದ್ದೇ ಹುಡುಗ, ಅವನ ಅಪ್ಪ ಜೆಫ್ ಶೆಪರ್ಡ್ 1996 ಮತ್ತು 1998ರಲ್ಲಿ ಕೆಂಟಕಿಗೆ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದವನು. ಆ ತಂಡ ಪಂದ್ಯಕ್ಕೆ ಸುಮಾರು 89 ಪಾಯಿಂಟ್ ಹೊಡೆಯುತ್ತಿತ್ತು. ನೋಡಲು ಹಬ್ಬ. ಆದರೆ ಎದುರಾಳಿಗೆ 80ರ ಹತ್ತಿರ ಬಿಟ್ಟುಕೊಡುತ್ತಿತ್ತು. ಚಳಿಗಾಲದಲ್ಲಿ ಫ್ಲಾರಿಡಾ, ಟೆನೆಸಿ, ಗೊನ್ಜಾಗಾ ಎದುರು ರಪ್ ಅರೇನಾದಲ್ಲೇ ಸಾಲಾಗಿ ಮೂರು ಪಂದ್ಯ ಸೋತರು. ಆ ಕ್ರೀಡಾಂಗಣದ ಚರಿತ್ರೆಯಲ್ಲಿ ಹಾಗೆ ಆಗಿದ್ದು ಅದೇ ಮೊದಲು. ರಕ್ಷಣೆ ಸರಿಯಿಲ್ಲ ಅನ್ನುವುದು ನವೆಂಬರಿನಿಂದಲೇ ಎಲ್ಲರ ಬಾಯಲ್ಲಿತ್ತು. ಮಾರ್ಚ್‌ಗೆ ಬಂದರೂ ಅದು ಸರಿಹೋಗಲಿಲ್ಲ. ತಮ್ಮ ಪ್ರಾದೇಶಿಕ ಲೀಗಿನ ಟೂರ್ನಿಯ ಮೊದಲ ಪಂದ್ಯದಲ್ಲೇ ಟೆಕ್ಸಸ್ ಎ ಆ್ಯಂಡ್ ಎಂ ಇವರ ಮೇಲೆ 97 ಹೊಡೆಯಿತು. ಅದಾದ ಮೇಲೆ ಗೋಲ್ಕಿ.

ಓಕ್‌ಲ್ಯಾಂಡ್ ಸೋಲಿನ ಬಳಿಕ ಕ್ಯಾಲಿಪಾರಿ ಪತ್ರಕರ್ತರ ಮುಂದೆ ಹೇಳಿದ್ದರ ಸಾರ ಇಷ್ಟು: ತಾನು ಬದುಕೆಲ್ಲ ಎಳೆಯ ಹುಡುಗರನ್ನೇ ಆಡಿಸಿದವನು, ಈಗ ಕಾಲೇಜು ತಂಡಗಳಲ್ಲಿ ದೊಡ್ಡವರು ಜಾಸ್ತಿಯಾಗುತ್ತಿದ್ದಾರೆ, ಇದನ್ನು ಯೋಚಿಸಬೇಕು, ಆದರೆ ಬದಲಾಗುವುದು ತನಗೆ ಕಷ್ಟ.

ಇದರಲ್ಲಿ ನಿಜವಿದೆ. ಕೋವಿಡ್ ಕಾರಣಕ್ಕೆ ಆಟಗಾರರಿಗೆ ಒಂದು ವರ್ಷ ಹೆಚ್ಚು ಸಿಕ್ಕಿತ್ತು. 2021ರಿಂದ ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೆ ಹೋದವರು ಒಂದು ವರ್ಷ ಕಾಯದೆ ಆಡಬಹುದಿತ್ತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಲೂ ಅವಕಾಶ ಬಂತು. ಹಾಗಾಗಿ 22, 23 ವಯಸ್ಸಿನವರು ಕಾಲೇಜಿನಲ್ಲೇ ಉಳಿದರು. ಗೋಲ್ಕಿಗೆ ಆಗ 24. ಹಿಲ್ಸ್‌ಡೇಲ್ ಅನ್ನುವ, ಎರಡನೇ ಡಿವಿಷನ್ನಿನಲ್ಲಿ ಆಡುವ ಕಾಲೇಜಿನಲ್ಲಿ ಆಡಿ ಮುಗಿಸಿ ಬಂದವನು. ಅವನ ಎದುರು ಕೆಂಟಕಿಯಲ್ಲಿ 18, 19ರ ಮಕ್ಕಳಿದ್ದರು.

ಆದರೆ ವಯಸ್ಸು ಅನ್ನುವ ಈ ಉತ್ತರ ಅಭಿಮಾನಿಗಳ ಪ್ರಶ್ನೆಯನ್ನು ತಾಕಲೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡವರನ್ನಿಟ್ಟುಕೊಂಡೂ 2022ರಲ್ಲಿ ಸೋತಿದ್ದಾಗಿದೆ. ಎಳೆಯರನ್ನಿಟ್ಟುಕೊಂಡು 2024ರಲ್ಲಿ ಸೋತರು. ಎರಡರಲ್ಲೂ ಬದಲಾಗದೆ ಇದ್ದದ್ದು ಬೆಂಚಿನ ಮೇಲಿನ ಯೋಜನೆ ಮಾತ್ರ. ಮೊದಲರ್ಧದಲ್ಲೇ 7 ಶಾಟ್ ಹಾಕಿದವನನ್ನು ಎರಡನೆಯ ಅರ್ಧದಲ್ಲಿ ಹೇಗೆ ತಡೆಯಬೇಕು ಅನ್ನುವುದು ವಯಸ್ಸಿನ ಪ್ರಶ್ನೆ ಅಲ್ಲ, ಅಲ್ವಾ? ಅದು ಕೋಚಿಂಗ್ ಪ್ರಶ್ನೆ. ಜನ ಕೇಳಿದ್ದು ಕೋಚಿಂಗ್ ಬಗ್ಗೆ, ಸಿಕ್ಕ ಉತ್ತರ ಕಾಲದ ಬಗ್ಗೆ.

ಇಂಥ ತಪ್ಪಿದ ಉತ್ತರಗಳು ಅದಕ್ಕೂ ಮುಂಚೆ ಬಂದಿದ್ದವು. 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ನಲ್ಲಿತ್ತು. ಸೇಂಟ್ ಪೀಟರ್ಸ್ ಸೋಲಿನ ಗಾಯ ಇನ್ನೂ ಹಸಿ. ಕ್ಯಾಲಿಪಾರಿಗೆ ಅಭ್ಯಾಸಕ್ಕೆ ಹೊಸ ಕಟ್ಟಡ ಬೇಕಿತ್ತು. ಅದಕ್ಕೆ ಕಾರಣ ಕೊಡುತ್ತ, ಇದು ಬ್ಯಾಸ್ಕೆಟ್‌ಬಾಲ್ ಯೂನಿವರ್ಸಿಟಿ, ಅಲಬಾಮಾ ಜಾರ್ಜಿಯಾಗಳು (ಅಮೆರಿಕನ್) ಫುಟ್‌ಬಾಲ್ ಯೂನಿವರ್ಸಿಟಿ ಎಂಬರ್ಥದ ಮಾತಾಡಿದರು. ಅದೇ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚ್ ಮಾರ್ಕ್ ಸ್ಟೂಪ್ಸ್ ಟ್ವಿಟರ್‌ನಲ್ಲಿ ಬಹಿರಂಗವಾಗಿ ತಿರುಗೇಟು ಕೊಟ್ಟರು, ತಮ್ಮ ತಂಡ ಸೀಸನ್ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಗಳಲ್ಲಿ ಸತತ ನಾಲ್ಕು ಗೆದ್ದಿರುವುದನ್ನು ನೆನಪಿಸಿದರು. ಹಿಂದಿನ ಸೀಸನ್ನಿನ ಸೋಲಿಗೆ ಇನ್ನೂ ವಿವರಣೆ ಸಿಕ್ಕಿಲ್ಲದ ಜನಕ್ಕೆ ಹೊಸ ಕಟ್ಟಡದ ಬೇಡಿಕೆ ಕೇಳಿಸಿತು. ಅದು ಕೆಟ್ಟ ಸಮಯ, ಕೆಟ್ಟ ಮಾತು.

2023ರ ಜನವರಿಯಲ್ಲಿ ರಪ್ ಅರೇನಾದಲ್ಲಿ ಸೌತ್ ಕ್ಯಾರೊಲೈನಾ ಎದುರು ತಂಡ ಸೋಲುತ್ತಿತ್ತು. ಒಬ್ಬ ಪ್ರೇಕ್ಷಕ ‘ದಯವಿಟ್ಟು ಟೆಕ್ಸಸ್‌ಗೆ ಹೋಗಿ’ ಅಂತ ಬರೆದ ಫಲಕ ಹಿಡಿದ. ಆ ದಿನಗಳಲ್ಲಿ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಕೋಚ್ ಹುದ್ದೆ ಖಾಲಿಯಾಗಿತ್ತು. ಅವನನ್ನು ಕ್ರೀಡಾಂಗಣದಿಂದ ಹೊರಗೆ ಕಳಿಸಿದರು. ಆ ಫಲಕದಲ್ಲಿ ಬೈಗುಳ ಇರಲಿಲ್ಲ. ‘ದಯವಿಟ್ಟು’ ಅಂತಲೂ ಇತ್ತು. ಅಲ್ಲಿಗೆ ಜನರಿಗೆ ಒಂದು ಸಂದೇಶ ಹೋಯಿತು: ದುಡ್ಡು ಕೊಟ್ಟು ಒಳಗೆ ಬನ್ನಿ, ಪ್ರಶ್ನೆ ಮಾತ್ರ ಹೊರಗೆ ಬಿಟ್ಟು ಬನ್ನಿ.

ಈಗ ಒಪ್ಪಂದದ ವಿಷಯ. ಇಡೀ ಪ್ರಕರಣದ ಬೇರು ಇಲ್ಲಿದೆ.

2019ರ ವಸಂತದಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕ್ಯಾಲಿಪಾರಿಯನ್ನು ಸೆಳೆಯಲು ನೋಡುತ್ತಿದೆ ಅನ್ನುವ ಸುದ್ದಿ ಬಂತು. ಕೆಂಟಕಿ ಕೂಡಲೇ ಅವರಿಗೆ 10 ವರ್ಷದ ಒಪ್ಪಂದ ಕೊಟ್ಟಿತು, ಒಟ್ಟು ಸುಮಾರು 8 ಕೋಟಿ 60 ಲಕ್ಷ ಡಾಲರ್. ಜನ ಅದನ್ನು ಜೀವಮಾನದ ಒಪ್ಪಂದ ಅಂತಲೇ ಕರೆದರು. 2024ರ ನಂತರ ಕೋಚ್ ಕೆಲಸ ಬಿಟ್ಟು, ಯೂನಿವರ್ಸಿಟಿಯ ಪ್ರತಿನಿಧಿಯಾಗಿ ವರ್ಷಕ್ಕೆ 9.5 ಲಕ್ಷ ಡಾಲರ್ ಸಂಬಳದಲ್ಲಿ ಇರಬಹುದು ಅನ್ನುವ ಷರತ್ತೂ ಇತ್ತು. ಯೂನಿವರ್ಸಿಟಿ ತಾನಾಗಿ ತೆಗೆದುಹಾಕಿದರೆ, ಉಳಿದ ಸಂಬಳದ ಮುಕ್ಕಾಲು ಪಾಲು ಕೊಡಬೇಕು. 2024ರ ಮಾರ್ಚ್‌ನಲ್ಲಿ ಆ ಮೊತ್ತ 3 ಕೋಟಿ 30 ಲಕ್ಷ ಡಾಲರ್ ದಾಟಿತ್ತು.

ಇದೇ ಯೂನಿವರ್ಸಿಟಿಯ ಹಿಂದಿನ ಅನುಭವ ನೋಡಿ. ಕ್ಯಾಲಿಪಾರಿಗೆ ಮುಂಚೆ ಇದ್ದ ಬಿಲ್ಲಿ ಗಿಲ್ಲಿಸ್ಪಿಯನ್ನು ಎರಡೇ ಸೀಸನ್ನಿಗೆ, 2009ರಲ್ಲಿ, ತೆಗೆದುಹಾಕಿದರು. ಅವರು ಪೂರ್ಣ ಪ್ರಮಾಣದ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ, ತಿಳಿವಳಿಕೆ ಪತ್ರವೊಂದಿತ್ತು ಅಷ್ಟೇ. ಕೋರ್ಟಿಗೆ ಹೋದರು, ಸುಮಾರು 30 ಲಕ್ಷ ಡಾಲರಿಗೆ ರಾಜಿಯಾಯಿತು. ಗಿಲ್ಲಿಸ್ಪಿಯನ್ನು ಕಳಿಸಲು ತೆತ್ತದ್ದಕ್ಕಿಂತ ಹನ್ನೊಂದು ಪಟ್ಟು ಕ್ಯಾಲಿಪಾರಿಯನ್ನು ಕಳಿಸಲು ಬೇಕಿತ್ತು. ಎರಡೂ ಸಲ ಕ್ರೀಡಾ ವಿಭಾಗದ ಮುಖ್ಯಸ್ಥರು ಒಬ್ಬರೇ: ಮಿಚ್ ಬಾರ್ನ್‌ಹಾರ್ಟ್, 2002ರಿಂದ ಆ ಕುರ್ಚಿಯಲ್ಲಿದ್ದವರು.

ಅದಕ್ಕೇ ಸಿಟ್ಟಿನ ದಿಕ್ಕು ಸ್ವಲ್ಪ ತಪ್ಪಿತ್ತು ಅನ್ನಿಸುತ್ತದೆ. ಜನ ಕ್ಯಾಲಿಪಾರಿಯನ್ನು ಬೈದರು. ಸಂಬಳ ಜಾಸ್ತಿ ಕೊಡುತ್ತೇವೆ ಅಂದರೆ ಯಾರು ಬೇಡ ಅನ್ನುತ್ತಾರೆ? ತನಗೆ ಅನುಕೂಲವಾದ ಒಪ್ಪಂದಕ್ಕೆ ಸಹಿ ಹಾಕಿದ್ದು ಅವರ ತಪ್ಪಲ್ಲ. ಸಾಧನೆ ಇಳಿದರೂ ತೆಗೆಯಲು ಆಗದಂಥ ಒಪ್ಪಂದವನ್ನು ಬರೆದುಕೊಟ್ಟವರು ಇನ್ನೊಂದು ಕಡೆ ಕೂತಿದ್ದರು. ಆ ಸಹಿ ಬಿದ್ದ ದಿನ ಅಭಿಮಾನಿಗಳಲ್ಲೂ ಬಹಳ ಜನ ಖುಷಿಪಟ್ಟಿದ್ದರು. ಕೋಚ್ ಕೈತಪ್ಪಲಿಲ್ಲ ಅನ್ನುವ ನೆಮ್ಮದಿ ಅದು. ಮುಂದೆ ಸೋಲು ಶುರುವಾದರೆ ಕೇಳುವವರು ಯಾರು ಅಂತ ಆವತ್ತು ಯೋಚಿಸಿದವರು ಕಡಿಮೆ.

ಓಕ್‌ಲ್ಯಾಂಡ್ ಸೋಲಾದ ಐದನೇ ದಿನ, ಮಾರ್ಚ್ 26ರಂದು, ಬಾರ್ನ್‌ಹಾರ್ಟ್ ಘೋಷಿಸಿದರು: ಕ್ಯಾಲಿಪಾರಿ ಮುಂದಿನ ವರ್ಷವೂ ಇರುತ್ತಾರೆ. ಆಮೇಲೆ ಇಬ್ಬರೂ ಸ್ಥಳೀಯ ಟಿವಿ ಚಾನೆಲ್‌ನಲ್ಲಿ ಪಕ್ಕಪಕ್ಕ ಕೂತು ಸಂದರ್ಶನ ಕೊಟ್ಟರು. ಜನ ಕಾದಿದ್ದು ಈ ಗಳಿಗೆಗೆ. ಕೋಚ್ ಇರಲಿ ಅಂತಲೇ ಇಟ್ಟುಕೊಳ್ಳೋಣ. ಏನು ಬದಲಾಗುತ್ತದೆ? ರಕ್ಷಣೆಯನ್ನು ಯಾರು ನೋಡಿಕೊಳ್ಳುತ್ತಾರೆ? ಸಹಾಯಕ ಕೋಚ್‌ಗಳು ಬದಲಾಗುತ್ತಾರಾ? ಅನುಭವಿ ಆಟಗಾರರು ಎಷ್ಟು ಜನ ಬರುತ್ತಾರೆ? ಮುಂದಿನ ವರ್ಷವೂ ಹೀಗೇ ಆದರೆ ಏನು? ಇವು ಕಠಿಣ ಪ್ರಶ್ನೆಗಳಲ್ಲ. ಯಾವ ಅಂಗಡಿಯ ಯಜಮಾನನೂ ಮ್ಯಾನೇಜರನ್ನು ಕೇಳುವಂಥವು. ನೋಡಿದವರ ಕೈಗೆ ಹಿಡಿದುಕೊಳ್ಳಲು ಒಂದು ಗಟ್ಟಿ ಉತ್ತರ ಸಿಗಲಿಲ್ಲ.

ಮುಂದಿನದು ವೇಗವಾಗಿ ಆಯಿತು. ಆರ್ಕನ್ಸಾ ಯೂನಿವರ್ಸಿಟಿಯ ಕೋಚ್ ಎರಿಕ್ ಮುಸೆಲ್‌ಮನ್ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದರು. ಆರ್ಕನ್ಸಾದ ದೊಡ್ಡ ದಾನಿ, ಟೈಸನ್ ಫುಡ್ಸ್‌ನ ಜಾನ್ ಟೈಸನ್, ಕ್ಯಾಲಿಪಾರಿಗೆ ಹಳೆಯ ಗೆಳೆಯ. ಏಪ್ರಿಲ್ 7ರ ರಾತ್ರಿ, ಕ್ಯಾಲಿಪಾರಿ ಆರ್ಕನ್ಸಾಗೆ ಹೋಗುತ್ತಾರೆ ಅನ್ನುವ ಸುದ್ದಿ ಒಡೆಯಿತು. ಏಪ್ರಿಲ್ 9ರಂದು ಕ್ಯಾಲಿಪಾರಿ ಒಂದು ವಿಡಿಯೊ ಹಾಕಿದರು, ಈ ತಂಡಕ್ಕೆ ಬೇರೊಂದು ದನಿ ಬೇಕಿದೆ ಎಂದರು. ಮರುದಿನವೇ ಆರ್ಕನ್ಸಾದ ವೇದಿಕೆ ಮೇಲಿದ್ದರು. ಕೆಂಟಕಿ ಆ 3 ಕೋಟಿ 30 ಲಕ್ಷದಲ್ಲಿ ಒಂದು ಡಾಲರೂ ಕೊಡಬೇಕಾಗಲಿಲ್ಲ.

ಬಹಳ ಜನ ಇದನ್ನು ಸುಖಾಂತ್ಯ ಅಂದರು. ಹಣದ ಲೆಕ್ಕದಲ್ಲಿ ಹೌದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಉತ್ತರ ಕೊಡಬೇಕಾದವರಲ್ಲಿ ಒಬ್ಬರು ಊರು ಬಿಟ್ಟರು, ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಉಳಿದರು. ಎರಡು ವಾರದ ಹಿಂದೆ ‘ಇವರೇ ಇರುತ್ತಾರೆ’ ಅಂದಿದ್ದ ತೀರ್ಮಾನ ಸರಿಯೋ ತಪ್ಪೋ ಅನ್ನುವುದನ್ನು ಯಾರೂ ಪರೀಕ್ಷೆ ಮಾಡಲೇ ಇಲ್ಲ. ಬೇರೆ ರಾಜ್ಯದ ಒಬ್ಬ ಕೋಚ್ ಕೆಲಸ ಬದಲಾಯಿಸದೆ ಇದ್ದಿದ್ದರೆ ಇಡೀ ಕಥೆ ಇನ್ನೂ ಒಂದು ವರ್ಷ ಹಾಗೇ ಎಳೆಯುತ್ತಿತ್ತು.

ಅಭಿಮಾನಿಗಳ ಕಡೆಯ ತಪ್ಪನ್ನೂ ಹೇಳಬೇಕು. ಸೋತಾಗ 19 ವರ್ಷದ ಹುಡುಗರ ಮೇಲೆ ಹರಿಹಾಯುವುದು ಅಮೆರಿಕದ ಕಾಲೇಜು ಆಟಕ್ಕೆ ಅಂಟಿದ ರೋಗ, ಕೆಂಟಕಿಯೂ ಅದಕ್ಕೆ ಹೊರತಲ್ಲ. ಕೋಚ್‌ಗೆ ಕೇಳಬೇಕಾದ್ದನ್ನು ಆಟಗಾರನಿಗೆ ಕೇಳಬಾರದು. ಶೆಪರ್ಡ್ ಮತ್ತು ಡಿಲಿಂಗಮ್ ಆ ಜೂನ್‌ನಲ್ಲೇ ಎನ್‌ಬಿಎ ಆಯ್ಕೆಯಲ್ಲಿ 3ನೇ ಮತ್ತು 8ನೇ ಸ್ಥಾನದಲ್ಲಿ ಹೋದರು. ಹುಡುಗರಲ್ಲಿ ಆಟ ಇರಲಿಲ್ಲ ಅಂತ ಹೇಳುವ ಹಾಗೆಯೇ ಇಲ್ಲ. ಇಂಥ ಇಬ್ಬರು ಒಂದೇ ತಂಡದಲ್ಲಿದ್ದೂ ಮೊದಲ ಸುತ್ತು ದಾಟಲಿಲ್ಲ ಅನ್ನುವುದೇ ಕೋಚ್‌ಗೆ ಕೇಳಬೇಕಿದ್ದ ಅತಿ ದೊಡ್ಡ ಪ್ರಶ್ನೆ.

ಹೊಸ ಕೋಚ್ ಹುಡುಕಾಟದಲ್ಲಿ ಬೇಲರ್‌ನ ಸ್ಕಾಟ್ ಡ್ರೂ ತಾನು ಇದ್ದಲ್ಲೇ ಇರುತ್ತೇನೆ ಅಂದರು. ಕನೆಕ್ಟಿಕಟ್‌ನ ಡ್ಯಾನ್ ಹರ್ಲಿಯೂ ಬರಲಿಲ್ಲ. ಏಪ್ರಿಲ್ 12ರಂದು ಬ್ರಿಗಮ್ ಯಂಗ್ ಯೂನಿವರ್ಸಿಟಿಯ ಮಾರ್ಕ್ ಪೋಪ್ ಹೆಸರು ಅಧಿಕೃತವಾಯಿತು. ಐದು ವರ್ಷ, 2 ಕೋಟಿ 75 ಲಕ್ಷ ಡಾಲರ್. 1996ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ನಾಯಕರಲ್ಲಿ ಒಬ್ಬರು. ಆದರೆ ಕೋಚ್ ಆಗಿ ರಾಷ್ಟ್ರೀಯ ಟೂರ್ನಿಯಲ್ಲಿ ಆವರೆಗೆ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹೆಸರು ಹೊರಬಿದ್ದ ರಾತ್ರಿ ಅಭಿಮಾನಿಗಳು ಮತ್ತೆ ಉರಿದುಬಿದ್ದರು.

ಮೂರು ದಿನ ಕಳೆಯುವುದರೊಳಗೆ ಅದೇ ಜನ ರಪ್ ಅರೇನಾ ತುಂಬಿಸಿದರು. ಪೋಪ್ ತಮ್ಮ ಕಾಲದ ಆಟಗಾರರ ಜೊತೆ ಬಸ್ಸಿನಲ್ಲಿ ಒಳಗೆ ಬಂದು, 1996ರ ಟ್ರೋಫಿ ಹಿಡಿದು ಇಳಿದರು. ಮಾತಾಡುವಾಗ ಇಲ್ಲಿ ತನ್ನ ಕೆಲಸ ಏನೆಂದು ತನಗೆ ಅರ್ಥವಾಗಿದೆ ಅಂದರು, ಪ್ರಶಸ್ತಿ ಗೆದ್ದು ಚಾಂಪಿಯನ್ ಬ್ಯಾನರ್ ತೂಗುಹಾಕುವುದೇ ಅಳತೆ ಅಂತ ತಾವೇ ಬಾಯಿಬಿಟ್ಟು ಹೇಳಿದರು. ಅಂದರೆ ಯಾವುದರ ಮೇಲೆ ತನ್ನನ್ನು ಲೆಕ್ಕ ಕೇಳಬೇಕು ಅನ್ನುವುದನ್ನು ಬಂದ ಮೊದಲ ದಿನವೇ ಜನರ ಕೈಗೆ ಕೊಟ್ಟರು. ಆ ಸಂಜೆಯ ಕೇಕೆ ಬರೀ ಹಳೆಯ ಆಟಗಾರನ ಮೇಲಿನ ಪ್ರೀತಿ ಅಂತ ನನಗನ್ನಿಸುವುದಿಲ್ಲ.

2025ರ ಫೆಬ್ರವರಿ 1ರಂದು ಕ್ಯಾಲಿಪಾರಿ ಆರ್ಕನ್ಸಾ ತಂಡದೊಂದಿಗೆ ರಪ್ ಅರೇನಾಗೆ ಬಂದರು. ಹದಿನೈದು ವರ್ಷ ತಮ್ಮದೇ ಆಗಿದ್ದ ಅಂಗಳಕ್ಕೆ ಎದುರಾಳಿಯಾಗಿ ಕಾಲಿಟ್ಟಾಗ ಜನ ಗಟ್ಟಿಯಾಗಿ ಧಿಕ್ಕಾರ ಕೂಗಿದರು. ಈ ಸಲ ಯಾರನ್ನೂ ಹೊರಗೆ ಕಳಿಸುವ ಪ್ರಶ್ನೆ ಇರಲಿಲ್ಲ. ಆರ್ಕನ್ಸಾ 89–79ರಿಂದ ಗೆದ್ದಿತು.